ಜ್ವರ ಬಿಟ್ಟ ಮೇಲೆ ಶುರುವಾದದ್ದು

ಒಂದು ಮಧ್ಯಾಹ್ನ ಹೊಲಿಗೆ ಮಿಷನ್ನಿನ ಸೂಜಿ ನನಗೆ ಎರಡಾಗಿ ಕಂಡಿತು. ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ. ಎರಡೇ. ಒಂದು ಕಣ್ಣು ಮುಚ್ಚಿದರೆ ಒಂದು, ಎರಡೂ ತೆರೆದರೆ ಎರಡು. ಆಗ ನನಗೆ ಇಪ್ಪತ್ತೇಳು ವರ್ಷ. ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನದೊಂದು ಟೈಲರ್ ಅಂಗಡಿ ಇತ್ತು. ಪ್ಯಾಂಟು, ಷರ್ಟು, ಶಾಲೆ ಮಕ್ಕಳ ಯೂನಿಫಾರಂ ಹೊಲಿಯುತ್ತಿದ್ದೆ. ಹಿಂದೂಪುರದ ಪಾರ್ವತಿಯನ್ನು ಮದುವೆಯಾಗಿ ಒಂದು ವರ್ಷವಾಗಿತ್ತು. ಎಂಬತ್ತರ ದಶಕ ಅರ್ಧ ಕಳೆದಿದ್ದ ಕಾಲ.

ಅದಕ್ಕೂ ಮೂರು ವಾರ ಮೊದಲಿಂದ ಜ್ವರ ಇತ್ತು. ದೊಡ್ಡ ಜ್ವರವಲ್ಲ. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು, ತಲೆ ಸಿಡಿಯುತ್ತಿತ್ತು, ಅನ್ನ ಕಂಡರೆ ವಾಕರಿಕೆ ಬರುತ್ತಿತ್ತು. ಟೈಫಾಯ್ಡ್ ಇರಬೇಕೆಂದು ಮಾತ್ರೆ ನುಂಗಿದ್ದೆ. ಅಮ್ಮ ಗೌರಮ್ಮನಿಗೆ ಇದು ಗಾಳಿ ಸೋಕಿದ್ದೆಂದು ಖಾತ್ರಿ. ಕುಂದುರ್ಪಿ ಕಡೆಯ ಒಬ್ಬರ ಹತ್ತಿರ ಕರೆದುಕೊಂಡು ಹೋಗಿ ತಾಯಿತ ಕಟ್ಟಿಸಿದ್ದಳು. ಪಾರ್ವತಿ ಆಸ್ಪತ್ರೆಯ ಮಾತೆತ್ತಿದಾಗಲೆಲ್ಲ, "ಇನ್ನೊಂದು ವಾರ ನೋಡಾನ ಕಣಮ್ಮ. ತಾಯ್ತ ಕಟ್ಟಿಸ್ಕಂಡ ಮೇಲೆ ಸೂಜಿ ಚುಚ್ಚಿಸ್ಬಾರ್ದು ಅಂದವ್ರೆ" ಎನ್ನುತ್ತಿದ್ದಳು.

ಸೂಜಿ ಎರಡಾಗಿ ಕಂಡ ಮೂರನೇ ದಿನ ನಾನು ಪಾರ್ವತಿಯನ್ನು ಗುರುತು ಹಿಡಿಯಲಿಲ್ಲವಂತೆ. ಸತ್ತುಹೋಗಿದ್ದ ಅಪ್ಪನ ಜೊತೆ ಮಾತಾಡುತ್ತಿದ್ದೆನಂತೆ. ಇದೆಲ್ಲ ಆಮೇಲೆ ಅವರು ಹೇಳಿದ್ದು. ನನಗೆ ನೆನಪಿರುವುದು ಅನಂತಪುರದ ಆಸ್ಪತ್ರೆಯ ಕಬ್ಬಿಣದ ಮಂಚ, ಬೆನ್ನು ಬಾಗಿಸಿ ಮಲಗಿಸಿ ಬೆನ್ನುಮೂಳೆಯ ಸಂದಿಗೆ ಹಾಕಿದ ಸೂಜಿ, ಮತ್ತೆ ಯಾರೋ ಇಂಗ್ಲಿಷಿನಲ್ಲಿ ಹೇಳಿದ ಒಂದು ಉದ್ದನೆಯ ಹೆಸರು. ಮೆದುಳಿನ ಪೊರೆಗೆ ಟಿ.ಬಿ. ಹತ್ತಿದೆ ಎಂದು ಪಾರ್ವತಿ ಕನ್ನಡದಲ್ಲಿ ಹೇಳಿದಳು. ಟಿ.ಬಿ. ಎಂದರೆ ಕೆಮ್ಮು, ರಕ್ತ ಎಂದು ತಿಳಿದಿದ್ದವನು ನಾನು. ಅದು ತಲೆಗೂ ಹತ್ತುತ್ತದೆಂದು ಯಾರಿಗೆ ಗೊತ್ತಿತ್ತು?

ಆ ವಾರ್ಡಿನಲ್ಲಿ ನನ್ನ ಪಕ್ಕದ ಎರಡು ಮಂಚಗಳು ಎರಡು ಸಲ ಖಾಲಿಯಾದವು. ಖಾಲಿಯಾದ ಮಂಚಕ್ಕೆ ಹೊಸ ಚಾದರ ಹಾಸುವ ಆಯಾ ನನ್ನ ಕಡೆ ನೋಡಿದಾಗಲೆಲ್ಲ ಅವಳು ನನ್ನ ಮಂಚದ ಅಳತೆ ತೆಗೆಯುತ್ತಿದ್ದಾಳೆ ಅನ್ನಿಸುತ್ತಿತ್ತು. ಆದರೂ ನಾನು ಉಳಿದೆ. ದಿನಕ್ಕೊಂದು ಇಂಜೆಕ್ಷನ್, ಮುಷ್ಟಿ ತುಂಬ ಮಾತ್ರೆ. ಒಂದು ಮಾತ್ರೆಯಿಂದ ಉಚ್ಚೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತಿತ್ತು. ಮೊದಲ ದಿನ ಅದನ್ನು ರಕ್ತವೆಂದೇ ಹೆದರಿದ್ದೆ. ಆರು ವಾರದ ಮೇಲೆ ಪಾರ್ವತಿಯ ಹೆಗಲು ಹಿಡಿದುಕೊಂಡು ಬಸ್ಸು ಹತ್ತಿದೆ. ಒಂದೂವರೆ ವರ್ಷ ಮಾತ್ರೆ ಬಿಡದೆ ನುಂಗಿದೆ. ಸೂಜಿ ಮತ್ತೆ ಒಂದೇ ಆಯಿತು. ಡಾಕ್ಟರು ಚೀಟಿಯ ಮೇಲೆ ಗೀಟೆಳೆದು, ಇನ್ನು ಬರಬೇಕಾಗಿಲ್ಲ ಎಂದರು.

ಎಲ್ಲರೂ ಕಾಯಿಲೆಯ ಕಥೆಯನ್ನು ಅಲ್ಲಿಗೆ ಮುಗಿಸುತ್ತಾರೆ. ನನ್ನದು ಅಲ್ಲಿ ಶುರುವಾಯಿತು.

ಮೊದಲು ಗಮನಿಸಿದವನು ನಮ್ಮ ಬೀದಿಯ ಕ್ಷೌರದ ಅಂಗಡಿಯ ನಾಗೇಂದ್ರ. ಕಾಯಿಲೆಗೆ ಮುಂಚೆ ದಿನ ಬಿಟ್ಟು ದಿನ ಅವನ ಕುರ್ಚಿಯಲ್ಲಿ ಕೂರುತ್ತಿದ್ದೆ. ನನ್ನದು ಒತ್ತಾದ ಗಡ್ಡ. ಒಂದು ದಿನ ಅವನು ಕೆನ್ನೆಗೆ ಸೋಪು ಹಚ್ಚಿ ಕೈ ನಿಲ್ಲಿಸಿದ.

"ಏನ್ ತಿಪ್ಪೇಸ್ವಾಮಣ್ಣ, ಹೋದ ಸಲ ಬಂದಿದ್ದು ಯಾವಾಗ?"

"ಹತ್ತು ದಿನ ಆಯ್ತೇನೋ."

"ಹತ್ತು ದಿನದ್ದಾ ಇದು? ಕತ್ತಿ ಹಾಕಾಕೆ ಏನೂ ಇಲ್ವಲ್ಲ."

ಬೆಂಚಿನ ಮೇಲೆ ಪೇಪರು ಓದುತ್ತ ಕೂತಿದ್ದವರು ತಲೆಯೆತ್ತಿ ನೋಡಿದರು. ಮಾತ್ರೆಯ ಗುಣ ಇರಬೇಕು ಎಂದು ನಕ್ಕು ಎದ್ದು ಬಂದೆ. ಅಂದಿನಿಂದ ಅವನ ಅಂಗಡಿಗೆ ಹೋಗುವುದನ್ನು ಬಿಟ್ಟೆ. ಮನೆಯಲ್ಲೇ ಬ್ಲೇಡು ಇಟ್ಟುಕೊಂಡು, ಗಡ್ಡ ಇದ್ದರೂ ಇಲ್ಲದಿದ್ದರೂ ಎರಡು ದಿನಕ್ಕೊಮ್ಮೆ ಬಚ್ಚಲಲ್ಲಿ ಕೂತು ಮುಖಕ್ಕೆ ಸೋಪು ಹಚ್ಚಿಕೊಳ್ಳುತ್ತಿದ್ದೆ.

ಬೇರೆ ಬದಲಾವಣೆಗಳನ್ನು ನಾನೇ ಕಂಡುಕೊಂಡೆ. ನಾನು ಟೈಲರು, ಗಂಡಸಿನ ಮೈ ಹೇಗೆ ಇರುತ್ತದೆಂದು ನನ್ನ ಟೇಪಿಗೆ ಗೊತ್ತು. ಸೊಂಟ ದಪ್ಪವಾಗುತ್ತಿತ್ತು, ಭುಜ ಇಳಿಯುತ್ತಿತ್ತು, ಎದೆ ಮೆತ್ತಗಾಗುತ್ತಿತ್ತು. ನನಗೆ ನಾನೇ ಸಡಿಲ ಷರ್ಟು ಹೊಲಿದುಕೊಂಡೆ. ಇಸ್ತ್ರಿ ಪೆಟ್ಟಿಗೆ ಎತ್ತಿದರೆ ಕೈ ಸೋಲುತ್ತಿತ್ತು. ಮತ್ತೆ, ಬರೆಯಲು ಕಷ್ಟವಾದರೂ ಬರೆಯಲೇಬೇಕಾದದ್ದು: ಹೆಂಡತಿಯ ಹತ್ತಿರ ಹೋಗಬೇಕೆಂಬ ಆಸೆಯೇ ಹೋಗಿತ್ತು. ಆಸೆಯಿದ್ದು ಆಗದಿರುವುದು ಬೇರೆ. ಇದು ಆಸೆಯೇ ಇಲ್ಲದಿರುವುದು. ಹಸಿವು ಸತ್ತವನಿಗೆ ಊಟದ ಹೊತ್ತು ಬಂದರೆ ಹೇಗೋ ಹಾಗೆ ನನಗೆ ಮನೆಗೆ ಹೋಗುವ ಹೊತ್ತು ಬಂದರೆ ಭಯವಾಗುತ್ತಿತ್ತು. ಕೆಲಸ ಜಾಸ್ತಿ ಇದೆಯೆಂದು ಅಂಗಡಿಯಲ್ಲಿ ಕೂತುಬಿಡುತ್ತಿದ್ದೆ. ಪಾರ್ವತಿ ಒಂದು ಮಾತೂ ಕೇಳಲಿಲ್ಲ. ಕಾಯಿಲೆಯಿಂದ ಎದ್ದವನು, ಸುಸ್ತು ಇರುತ್ತದೆ ಎಂದುಕೊಂಡಿರಬೇಕು ಎಂದು ನಾನು ಅಂದುಕೊಂಡೆ.

ಇಂಥದ್ದನ್ನು ಯಾರಿಗೆ ಹೇಳುವುದು? ಅನಂತಪುರದ ಡಾಕ್ಟರಿಗೆ ಹೇಳಬಹುದಿತ್ತು. ಎರಡು ಸಲ ಹೇಳಲೆಂದೇ ಹೋದೆ. ಎರಡು ಸಲವೂ ನನ್ನ ಹಿಂದೆ ಸಾಲಿನಲ್ಲಿ ಹೆಂಗಸರು ನಿಂತಿದ್ದರು. ಕಣ್ಣು ಚೆನ್ನಾಗಿದೆಯಾ ಎಂದರು ಡಾಕ್ಟರು, ಚೆನ್ನಾಗಿದೆ ಎಂದು ಬಂದೆ.

ಮದುವೆಯಾಗಿ ನಾಲ್ಕು ವರ್ಷ ದಾಟಿತು. ಅಮ್ಮನ ಮಾತು ಶುರುವಾಯಿತು. ಮೊದಲು ಪಾರ್ವತಿಯ ಊಟದ ಮೇಲೆ, ಆಮೇಲೆ ಅವಳ ನಡಿಗೆಯ ಮೇಲೆ, ಆಮೇಲೆ ಅವಳು ಮುಟ್ಟಾದ ದಿನಗಳ ಮೇಲೆ. ಪ್ರತಿ ತಿಂಗಳು ಪಾರ್ವತಿ ಹೊರಗೆ ಕೂತಾಗ ಅಮ್ಮ ಪಾತ್ರೆಗಳನ್ನು ಜೋರಾಗಿ ಇಡುತ್ತಿದ್ದಳು. ಅವರಿವರು ಹೇಳಿದ ದೇವರಿಗೆಲ್ಲ ಹರಕೆಯಾಯಿತು. ಒಂದು ದಿನ ನಾನು ಊಟಕ್ಕೆ ಕೂತಿದ್ದಾಗ ಅಮ್ಮ ಹೇಳಿದಳು:

"ಕುಂದುರ್ಪೀಲಿ ನಮ್ಮಣ್ಣನ ಮಗಳವಳೆ. ಅವರ ಮನೇಲಿ ಮಾತಾಡಿವ್ನಿ. ಇವಳನ್ನೇನೂ ಕಳಿಸ್ಬೇಡ ಕಣಪ್ಪ, ಇವಳೂ ಇರ್ಲಿ. ವಂಶ ಅನ್ನೋದು ಬೇಡ್ವಾ?"

ಪಾರ್ವತಿ ಒಲೆಯ ಮುಂದೆ ಕೂತಿದ್ದಳು. ತಿರುಗಿ ನೋಡಲಿಲ್ಲ. ನಾನು ಅನ್ನ ಕಲಸುತ್ತಲೇ ಇದ್ದೆ. "ಮೊದಲು ಡಾಕ್ಟರಿಗೆ ತೋರ್ಸಾನ" ಎಂದಷ್ಟೇ ಅಂದೆ. ಇನ್ನೊಂದು ಹುಡುಗಿ ಮನೆಗೆ ಬಂದರೆ ನನ್ನ ಗುಟ್ಟು ಇಬ್ಬರಿಗೆ ತಿಳಿಯುತ್ತದೆ ಎಂಬುದೇ ಆಗ ನನ್ನ ಭಯ. ಪಾರ್ವತಿಗೆ ಏನಾಗುತ್ತದೆಂದು ಯೋಚಿಸಲಿಲ್ಲ. ಇದನ್ನು ನಾನು ಮುಚ್ಚಿಡುವುದಿಲ್ಲ.

ಹಿಂದೂಪುರದಲ್ಲಿ ಪಾರ್ವತಿಯ ತವರಿನ ಹತ್ತಿರ ಒಂದು ನರ್ಸಿಂಗ್ ಹೋಮು. ವಯಸ್ಸಾದ ಲೇಡಿ ಡಾಕ್ಟರು, ತೆಲುಗು ಕನ್ನಡ ಎರಡೂ ಬೆರೆಸಿ ಮಾತಾಡುತ್ತಿದ್ದರು. ಅಮ್ಮನೂ ಜೊತೆಗೆ ಬಂದಿದ್ದಳು. ಡಾಕ್ಟರು ಪಾರ್ವತಿಯನ್ನು ಪರೀಕ್ಷೆ ಮಾಡಿ, ಹೊರಗೆ ಬಂದು ನನ್ನನ್ನು ಕೇಳಿದರು:

"ಮೀದಿ ಟೆಸ್ಟ್ ಅಯಿಂದಾ? ನಿಮ್ದು ಆಗಿದೆಯೇನಪ್ಪ ಪರೀಕ್ಷೆ?"

ಅಮ್ಮ ನನ್ನ ಮುಖ ನೋಡುತ್ತಿದ್ದಳು. ಬೆಂಚಿನ ಮೇಲೆ ಬಸುರಿಯರು, ಅವರ ಗಂಡಂದಿರು ಕೂತಿದ್ದರು.

"ಆಗಿದೆ ಮೇಡಂ. ಅನಂತಪುರದಲ್ಲಿ. ಎಲ್ಲ ಸರಿಯಾಗಿದೆ."

ಆ ಸುಳ್ಳು ಎಷ್ಟು ಸಲೀಸಾಗಿ ಬಂತೆಂದು ಈಗಲೂ ಆಶ್ಚರ್ಯಪಡುತ್ತೇನೆ. ಡಾಕ್ಟರು ನಂಬಿದರು. ಹಾಗಾದರೆ ಗರ್ಭಕೋಶವನ್ನು ಕೆರೆದು ಪರೀಕ್ಷೆಗೆ ಕಳಿಸಬೇಕೆಂದರು. ಮಾರನೆಯ ಬೆಳಿಗ್ಗೆ ಪಾರ್ವತಿಯನ್ನು ಒಳಗೆ ಕರೆದುಕೊಂಡು ಹೋದರು. ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಎದುರಿನ ಗೋಡೆಯ ಮೇಲೆ ಗುಂಡುಗುಂಡಾದ ಮಗುವಿನ ಚಿತ್ರವಿದ್ದ ಕ್ಯಾಲೆಂಡರು. ಬಾಗಿಲ ಆಚೆಯಿಂದ ಅವಳ ದನಿ ಕೇಳಿತು. ಕೂಗಲ್ಲ, ಹಲ್ಲು ಕಚ್ಚಿಕೊಂಡು ತಡೆದ ನರಳಿಕೆ. ಎದ್ದು ಬಾಗಿಲು ತಟ್ಟಿ ನಿಲ್ಲಿಸಬಹುದಿತ್ತು. ಹತ್ತು ಹೆಜ್ಜೆ ದೂರ ಅಷ್ಟೇ. ಎರಡು ಸಲ ಎದ್ದೆ, ಎರಡು ಸಲ ಕೂತೆ.

ಎರಡು ದಿನ ಬಿಟ್ಟು ಊರಿಗೆ ಹೊರಟೆವು. ಅಮ್ಮ ಹಿಂದೂಪುರದ ನೆಂಟರ ಮನೆಯಲ್ಲಿ ಉಳಿದಳು. ಬಸ್ಸು ಸೋಮಂದೇಪಲ್ಲಿ ದಾಟುವವರೆಗೂ ಪಾರ್ವತಿ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿಕೊಂಡಿದ್ದಳು. ಪೆನುಕೊಂಡದಲ್ಲಿ ಬಸ್ಸು ಬದಲಿಸಬೇಕು. ಅಲ್ಲಿ ಒಂದು ಕಲ್ಲಿನ ಜಗಲಿಯ ಮೇಲೆ ಹೊಟ್ಟೆ ಹಿಡಿದುಕೊಂಡು ಕೂತಳು. ಮಟಮಟ ಮಧ್ಯಾಹ್ನ. ನಾನು ಸೋಡಾ ತಂದು ಕೊಟ್ಟೆ. ಅವಳು ಅದನ್ನು ಪಕ್ಕಕ್ಕಿಟ್ಟಳು.

"ಡಾಕ್ಟ್ರಮ್ಮ ನಿಮ್ಮನ್ನ ಕೇಳಿದ್ದು ನಂಗೆ ಒಳಕ್ಕೆ ಕೇಳಿಸ್ತು. ಟೆಸ್ಟಾಗೈತೆ ಅಂದ್ರಲ್ಲ. ಯಾವತ್ತು ಆಯ್ತು?"

ನಾನು ಸೋಡಾ ಬಾಟಲಿಯನ್ನು ಮತ್ತೆ ಅವಳ ಕಡೆಗೆ ಸರಿಸಿದೆ.

"ನಾನೇನು ಕಣ್ಣಿಲ್ಲದವಳಾ? ಇಲ್ಲದಿರೋ ಗಡ್ಡ ಬಚ್ಚಲಲ್ಲಿ ಕೂತ್ಕಂಡು ಕೆರಕಂತೀರ. ನಂಗೆ ಎರಡು ವರ್ಷದಿಂದ ಗೊತ್ತು. ನೀವೇ ಹೇಳ್ತೀರ ಅಂತ ಸುಮ್ನಿದ್ದೆ." ಅವಳ ದನಿ ಏರಲಿಲ್ಲ. "ಕುಂದುರ್ಪಿಯಿಂದ ಆ ಹುಡುಗೀನೂ ಕರ್ಕಂಬರ್ತೀರ. ಮೂರು ವರ್ಷ ಬಿಟ್ಟು ಅವಳನ್ನೂ ಆ ಟೇಬಲ್ ಮ್ಯಾಲೆ ಮಲಗಿಸ್ತೀರಾ?"

ಕಲ್ಯಾಣದುರ್ಗದ ಬಸ್ಸು ಬಂತು. ಜನ ನುಗ್ಗಿ ಹತ್ತಿದರು. ನಾವು ಹತ್ತಲಿಲ್ಲ. ಬಸ್ಸು ಹೋದ ಮೇಲೆ, ಎರಡು ವರ್ಷದಲ್ಲಿ ಯಾರಿಗೂ ಹೇಳದಿದ್ದದ್ದನ್ನು ಆ ಜಗಲಿಯ ಮೇಲೆ ಕೂತು ಅವಳಿಗೆ ಹೇಳಿದೆ. ತಲೆ ಬಗ್ಗಿಸಿಕೊಂಡೇ ಹೇಳಿದೆ. ಮುಗಿದ ಮೇಲೆ ಅವಳು ಸೋಡಾ ಎತ್ತಿಕೊಂಡು ಕುಡಿದಳು. "ವಾಪಸ್ ಹಿಂದೂಪುರಕ್ಕೆ ಹೋಗಾನ ನಡೀರಿ" ಎಂದಳು. ಎದುರಿನ ಬಸ್ಸು ಹತ್ತಿದೆವು.

ಡಾಕ್ಟರಮ್ಮ ಬಯ್ಯುತ್ತಾರೆಂದು ಹೆದರಿದ್ದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಿನ್ನ ಹೆಂಡತಿಗೆ ಆ ನೋವು ಬೇಕಾಗಿರಲಿಲ್ಲ ಕಣಯ್ಯ" ಎಂದರು. ಅಷ್ಟೇ. ಆಮೇಲೆ ನನ್ನ ಕೆನ್ನೆ, ಅಂಗೈ, ಎದೆ ನೋಡಿದರು. ಹಿಂದೆ ಏನಾದರೂ ದೊಡ್ಡ ಕಾಯಿಲೆ ಆಗಿತ್ತಾ ಎಂದು ಕೇಳಿದರು. ಮೆದುಳಿನ ಟಿ.ಬಿ. ಎಂದೆ. ಅವರ ಪೆನ್ನು ನಿಂತಿತು. ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಕಾಗದ ಬರೆದುಕೊಟ್ಟರು. "ತಲೆದು ಫೋಟೋ ತೆಗೆಸಬೇಕಾಗಬಹುದು. ಭಯಪಡಕು, ಹೆದರಬೇಡ" ಎಂದರು. ತಲೆ ಎಂದ ಮೇಲೆ ಹೆದರದಿರುವುದು ಹೇಗೆ? ಟಿ.ಬಿ. ಮತ್ತೆ ಬಂದಿದೆ, ಇಲ್ಲವೇ ಗಡ್ಡೆ ಬೆಳೆದಿದೆ ಎಂದೇ ನಾನು ತೀರ್ಮಾನಿಸಿದ್ದೆ. ಖಾಲಿಯಾದ ಆ ಎರಡು ಮಂಚ ಕಣ್ಣ ಮುಂದೆ ಬಂದವು.

ಹಿಂದೂಪುರದಿಂದ ಬೆಳಗಿನ ರೈಲಿಗೆ ಇಬ್ಬರೂ ಬೆಂಗಳೂರಿಗೆ ಹೋದೆವು. ಆ ಆಸ್ಪತ್ರೆಯಲ್ಲಿ ಕಾಯುವುದೇ ಒಂದು ಕೆಲಸ. ಒಂದು ಚೀಟಿಗೆ ಒಂದು ಸಾಲು, ರಕ್ತ ಕೊಡಲು ಇನ್ನೊಂದು ಸಾಲು. ವೀರ್ಯದ ಪರೀಕ್ಷೆಗೆಂದು ಪುಟ್ಟ ಬಾಟಲಿ ಕೈಗೆ ಕೊಟ್ಟು ಬಚ್ಚಲು ತೋರಿಸಿದರು. ಅರ್ಧ ಗಂಟೆ ಒಳಗಿದ್ದು ಖಾಲಿ ಬಾಟಲಿಯನ್ನೇ ವಾಪಸ್ ಕೊಟ್ಟೆ. ತೆಗೆದುಕೊಂಡವನು ಏನೂ ಅನ್ನಲಿಲ್ಲ. ಮುಚ್ಚಳ ಹಾಕಿ ಪಕ್ಕಕ್ಕಿಟ್ಟ. ಏನೂ ಅನ್ನದ ಆ ಮನುಷ್ಯನನ್ನು ನಾನು ಇವತ್ತಿಗೂ ನೆನೆಯುತ್ತೇನೆ.

ಗ್ರಂಥಿಗಳ ಡಾಕ್ಟರು ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಪರದೆ ಎಳೆದು ಬಟ್ಟೆ ಬಿಚ್ಚಲು ಹೇಳಿದರು. ಡ್ರಾಯರಿನಿಂದ ಒಂದು ಮಣಿಸರ ತೆಗೆದರು. ಸಣ್ಣ ಮಣಿಯಿಂದ ದೊಡ್ಡದರವರೆಗೆ, ಮೊಟ್ಟೆಯಾಕಾರದ ಮರದ ಮಣಿಗಳು, ಒಂದೊಂದರ ಮೇಲೂ ಅಂಕಿ. ಒಂದು ಕೈಯಲ್ಲಿ ಮಣಿ, ಇನ್ನೊಂದು ಕೈಯಲ್ಲಿ ನನ್ನ ಬೀಜ ಹಿಡಿದು ಹೋಲಿಸಿ ಅಂಕಿ ಬರೆದುಕೊಂಡರು. ಅಷ್ಟು ವರ್ಷ ಊರಿನ ಗಂಡಸರ ಅಳತೆ ತೆಗೆದವನು ನಾನು. ಅಳತೆ ಕೊಡುವವನ ನಾಚಿಕೆ ಏನೆಂದು ಆವತ್ತು ಗೊತ್ತಾಯಿತು.

ತಲೆಯ ಸ್ಕ್ಯಾನ್ ಆಯಿತು. ದೊಡ್ಡ ಬಳೆಯಂಥ ಮಿಷನ್ನಿನೊಳಗೆ ತಲೆಯಿಟ್ಟು ಅಲುಗದೆ ಮಲಗಬೇಕು. ಅಲುಗಿದರೆ ಮತ್ತೆ ಮೊದಲಿಂದ ಎಂದಿದ್ದರು. ನಾನು ಉಸಿರು ಕೂಡ ಅಳೆದಳೆದು ಬಿಟ್ಟೆ. ರಕ್ತದ ರಿಪೋರ್ಟಿಗೆ ಮೂರು ವಾರ ಬೇಕೆಂದರು. ಆ ಮೂರು ವಾರ ಕಲ್ಯಾಣದುರ್ಗದಲ್ಲಿ ನಾನು ಹೊಲಿದ ಬಟ್ಟೆಗಳಲ್ಲಿ ಎಷ್ಟೋ ವಾಪಸ್ ಬಂದವು. ಒಬ್ಬರ ಪ್ಯಾಂಟಿಗೆ ಎರಡೂ ಕಾಲು ಎಡಗಾಲೇ ಹೊಲಿದಿದ್ದೆ. ಮನೆಯಲ್ಲಿ ಅಮ್ಮನಿಗೆ ತಲೆನೋವಿನ ಪರೀಕ್ಷೆ ಎಂದಷ್ಟೇ ಹೇಳಿದ್ದೆವು. ಸಾಯುವುದಾದರೆ ಅಂಗಡಿ ಯಾರಿಗೆ ವಹಿಸಬೇಕು ಎಂದು ಲೆಕ್ಕ ಹಾಕುತ್ತಿದ್ದೆ. ತಲೆನೋವು ಇಲ್ಲದಿದ್ದರೂ ಇದ್ದ ಹಾಗೆ ಅನ್ನಿಸುತ್ತಿತ್ತು. ದಿನಕ್ಕೆ ಹತ್ತು ಸಲ ಒಂದು ಕಣ್ಣು ಮುಚ್ಚಿ ಸೂಜಿ ನೋಡುತ್ತಿದ್ದೆ.

ಮತ್ತೆ ಹೋದಾಗ ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡರು. ಗಡ್ಡೆ ಇಲ್ಲ, ಟಿ.ಬಿ. ಮರಳಿಲ್ಲ ಎಂದು ಮೊದಲು ಹೇಳಿದರು. ಪಾರ್ವತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ನಿಮ್ಮ ಬೀಜ ಕೆಟ್ಟಿಲ್ಲ" ಎಂದರು ಡಾಕ್ಟರು. "ಅದಕ್ಕೆ ಕೆಲಸ ಮಾಡು ಅಂತ ಮೆದುಳಿನಿಂದ ಅಪ್ಪಣೆ ಬರಬೇಕು. ಆ ಕಾಯಿಲೆಯಲ್ಲಿ ಮೆದುಳಿನ ಬುಡದಲ್ಲಿ ಊತ ಬಂದಿತ್ತು. ಕಾಯಿಲೆ ವಾಸಿಯಾಯಿತು, ಊತ ಇಳಿಯಿತು. ಆದರೆ ಅಪ್ಪಣೆ ಕಳಿಸೋ ಜಾಗಕ್ಕೆ ಪೆಟ್ಟು ಬಿದ್ದಿದೆ. ಇದು ನಿಮ್ಮ ತಪ್ಪಲ್ಲ. ಗಂಡಸುತನಕ್ಕೂ ಇದಕ್ಕೂ ಸಂಬಂಧ ಇಲ್ಲ. ಜ್ವರ ಮಾಡಿದ ಕೆಲಸ ಇದು."

"ವಾಸಿಯಾಗುತ್ತಾ ಸಾರ್?" ಎಂದು ಪಾರ್ವತಿಯೇ ಕೇಳಿದಳು.

"ಅಪ್ಪಣೆಯನ್ನ ನಾವು ಇಂಜೆಕ್ಷನ್ ಮೂಲಕ ಕೊಡಬಹುದು. ವಾರಕ್ಕೆ ಎರಡು. ಒಂದು ವರ್ಷ, ಎರಡು ವರ್ಷ ಆಗಬಹುದು. ಮೈಗೆ ಶಕ್ತಿ ಬರುತ್ತೆ. ಮಗು ವಿಷಯ ಭರವಸೆ ಕೊಡಲಾರೆ."

ಕಲ್ಯಾಣದುರ್ಗದಲ್ಲಿ ವಾರಕ್ಕೆರಡು ಇಂಜೆಕ್ಷನ್ ಯಾರ ಹತ್ತಿರ ಹಾಕಿಸಿಕೊಳ್ಳುವುದು? ಕಾಂಪೌಂಡರಿಗೆ ಗೊತ್ತಾದರೆ ಸಂತೆಗೆ ಗೊತ್ತಾದ ಹಾಗೆ. ಪಾರ್ವತಿ ಒಂದು ವಾರ ತವರಿಗೆ ಹೋಗಿ, ಡಾಕ್ಟರಮ್ಮನ ನರ್ಸಿನ ಹತ್ತಿರ ಬದನೆಕಾಯಿಗೆ ಚುಚ್ಚಿ ಚುಚ್ಚಿ ಕಲಿತು ಬಂದಳು. ಗಾಜಿನ ಸಿರಿಂಜನ್ನು ನೀರಿನಲ್ಲಿ ಕುದಿಸುವುದು, ಪುಡಿಗೆ ನೀರು ಬೆರೆಸುವುದು, ಗಾಳಿ ಹೊರಡಿಸುವುದು. ಮದ್ದು ತಣ್ಣಗಿರಬೇಕಿತ್ತು. ನಮ್ಮ ಬೀದಿಯಲ್ಲಿ ಫ್ರಿಜ್ ಇದ್ದದ್ದು ಪಕ್ಕದ ಕೂಲ್‌ಡ್ರಿಂಕ್ಸ್ ಅಂಗಡಿಯ ಬಾಷಾ ಹತ್ತಿರ ಮಾತ್ರ. ಒಂದು ಬಿಸ್ಕತ್ತಿನ ಡಬ್ಬಿ ಇಟ್ಟುಕೊಳ್ಳುತ್ತೀಯಾ ಎಂದು ಕೇಳಿದೆ. "ಇಡು" ಎಂದ. ಅಷ್ಟು ವರ್ಷದಲ್ಲಿ ಒಂದು ಸಲವೂ ಅದರಲ್ಲಿ ಏನಿದೆ ಎಂದು ಕೇಳಲಿಲ್ಲ. ಕರೆಂಟು ಹೋದರೆ ತಾನೇ ಐಸು ತಂದು ಅದರ ಸುತ್ತ ಜೋಡಿಸುತ್ತಿದ್ದ.

ಇನ್ನು ಅಮ್ಮನಿಗೆ ಹೇಳುವುದಿತ್ತು. ಅದನ್ನು ದಿನ ದಿನ ಮುಂದೂಡಿದೆ. ಕುಂದುರ್ಪಿಯವರು ಮನೆ ನೋಡಲು ಬರುತ್ತೇವೆಂದು ಹೇಳಿ ಕಳಿಸಿದ ದಿನ ಇನ್ನು ಮುಂದೂಡಲಾಗಲಿಲ್ಲ. ಅಮ್ಮ ಜಗಲಿಯ ಮೇಲೆ ಕೂತು ಕಡ್ಲೆಕಾಯಿ ಸುಲಿಯುತ್ತಿದ್ದಳು.

"ಅಮ್ಮ, ಪಾರ್ವತೀದೇನೂ ಇಲ್ಲ. ಕೊರತೆ ಇರೋದು ನಂದು."

"ಏನ್ ಮಾತೂಂತ ಆಡ್ತೀಯ. ಅವಳು ಹೇಳ್ಕೊಟ್ಳಾ?"

ಎಲ್ಲ ಹೇಳಿದೆ. ಜ್ವರ, ತಲೆಯೊಳಗಿನ ಊತ, ಬೆಂಗಳೂರು, ಪರೀಕ್ಷೆಯ ದಿನ ನಾನು ಹೇಳಿದ ಸುಳ್ಳು. ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ. ಕೈ ಮಾತ್ರ ನಿಧಾನವಾಯಿತು. ಬಯ್ಯುತ್ತಾಳೆ, ಅಳುತ್ತಾಳೆ, ನಂಬುವುದಿಲ್ಲ ಎಂದೆಲ್ಲ ಅಂದುಕೊಂಡಿದ್ದೆ. ಅವಳು ಒಂದೇ ಮಾತು ಕೇಳಿದಳು.

"ಆ ಮೂರು ವಾರ ತಾಯ್ತ ಕಟ್ಟಿಸಿ ಮನೇಲಿ ಮಡಿಕ್ಕಂಡ್ನಲ್ಲ. ಮೊದಲೇ ಆಸ್ಪತ್ರೆಗೆ ಹೋಗಿದ್ರೆ ಇದು ಆಯ್ತಿರಲಿಲ್ವಾ?"

ಈ ಪ್ರಶ್ನೆಯನ್ನು ನಾನೂ ಡಾಕ್ಟರಿಗೆ ಕೇಳಿದ್ದೆ. ಹೇಳಲಾಗದು, ಬೇಗ ಬಂದವರಿಗೂ ಆಗಬಹುದು, ತಡವಾದರೆ ಅಪಾಯ ಹೆಚ್ಚು ಎಂದಿದ್ದರು. ಅಮ್ಮನಿಗೆ ಅದರಲ್ಲಿ ಅರ್ಧವನ್ನಷ್ಟೇ ಹೇಳಿದೆ.

"ಬೇಗ ಹೋದೋರಿಗೂ ಆಗುತ್ತಂತೆ ಅಮ್ಮ."

ಅವಳು ನನ್ನನ್ನು ನೋಡಿದಳು. ನಂಬಿದಳೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಮಾರನೆಯ ಬೆಳಿಗ್ಗೆ ಎದ್ದು, ಒಗೆದ ಸೀರೆ ಉಟ್ಟುಕೊಂಡು, "ಕುಂದುರ್ಪಿಗೆ ಹೋಗ್ಬುಟ್ಟು ಬತ್ತೀನಿ" ಎಂದು ಬಸ್ಸು ಹತ್ತಿದಳು. ಮಧ್ಯಾಹ್ನದ ಬಸ್ಸಿಗೆ ವಾಪಸ್ ಬಂದಳು. ಏನು ಹೇಳಿ ಬಂದೆ ಎಂದು ಕೇಳಿದೆ.

"ಇದ್ದಿದ್ದು ಹೇಳ್ದೆ. ನನ್ ಸೊಸೇಲಿ ಏನೂ ಇಲ್ಲ, ನನ್ ಮಗಂಗೆ ಜ್ವರದಲ್ಲಿ ಹಿಂಗಾಗೈತೆ ಅಂದೆ. ನಾಳೆ ಅವಳ ಮೇಲೆ ಮಾತು ಬರ್ಬಾರ್ದಲ್ಲ."

ಜಾತಕ ಕೂಡಲಿಲ್ಲ ಎನ್ನಬಹುದಿತ್ತು, ಏನಾದರೂ ಹೇಳಬಹುದಿತ್ತು. ಎರಡು ವರ್ಷ ಮುಚ್ಚಿಟ್ಟದ್ದನ್ನು ಅವಳು ಒಂದು ಬೆಳಿಗ್ಗೆ ಬಿಚ್ಚಿಟ್ಟು ಬಂದಿದ್ದಳು. ನನಗೆ ಸಿಟ್ಟು ಬಂತು. ಪಾರ್ವತಿ ಅಮ್ಮನಿಗೆ ನೀರು ತಂದುಕೊಟ್ಟಳು. ಅಮ್ಮ ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು, "ಆವತ್ತು ತುಂಬ ನೋವಾಯ್ತೇನಮ್ಮ?" ಎಂದು ಕೇಳಿದಳು. ಪಾರ್ವತಿ "ಆಯ್ತು" ಎಂದಳು. ಅವರಿಬ್ಬರೂ ಹಾಗೆ ಕೂತದ್ದನ್ನು ನೋಡಿ ನಾನು ಅಂಗಡಿಗೆ ಹೊರಟುಹೋದೆ.

ಊರಿಗೆ ತಿಳಿಯಿತು. ಬೀದಿಯಲ್ಲಿ ಹೋದರೆ ಹಿಂದೆ ನಗು ಕೇಳಿದ ಹಾಗಾಗುತ್ತಿತ್ತು. ಕೆಲವು ಸಲ ನಿಜವಾಗಿಯೂ ನಗುತ್ತಿದ್ದರು. ಇಬ್ಬರು ಮೂವರು ಅಳತೆ ಕೊಡಲು ಬೇರೆ ಟೈಲರ ಹತ್ತಿರ ಹೋದರು, ನನ್ನ ಟೇಪು ಮುಟ್ಟಿದರೆ ತಮಗೂ ಹತ್ತುತ್ತದೇನೋ ಎಂಬಂತೆ. ಆದರೆ ನಾನು ಹೆದರಿದ್ದರಲ್ಲಿ ಮುಕ್ಕಾಲು ಭಾಗ ನಡೆಯಲೇ ಇಲ್ಲ. ಶಾಲೆ ಶುರುವಾಗುವ ತಿಂಗಳಿಗೆ ಯೂನಿಫಾರಂ ಬಟ್ಟೆ ಮಾಮೂಲಿನಂತೆ ಬಂತು.

ಇಂಜೆಕ್ಷನ್ ಶುರುವಾಗಿ ನಾಲ್ಕನೇ ತಿಂಗಳಿಗೆ ಗದ್ದದ ಮೇಲೆ ಒರಟು ಕೂದಲು ಕೈಗೆ ಸಿಕ್ಕಿತು. ಎಂಟನೇ ತಿಂಗಳಿಗೆ ಇಸ್ತ್ರಿ ಪೆಟ್ಟಿಗೆ ಹಗುರವಾಯಿತು. ಆಸೆಯೂ ಬಂತು, ಕಳೆದುಹೋದ ದಾರಿ ಹುಡುಕಿಕೊಂಡು ಬಂದವನ ಹಾಗೆ, ಅನುಮಾನಿಸುತ್ತ. ಮೊದಮೊದಲು ಆ ಆಸೆ ನನ್ನದೋ ಸಿರಿಂಜಿನದೋ ಎಂದು ಹೆದರುತ್ತಿದ್ದೆ. ಪಾರ್ವತಿಗೆ ಹೇಳಿದೆ. "ಅನ್ನ ತಿಂದ್ರೆ ಬರೋ ಶಕ್ತಿ ಯಾರದು? ಸುಮ್ನಿರಿ" ಎಂದಳು.

ಎರಡನೇ ವರ್ಷದ ಪರೀಕ್ಷೆಯಲ್ಲಿ, ವೀರ್ಯಾಣು ಕಡಿಮೆ ಇದೆ, ಆದರೆ ಇದೆ ಎಂದರು ಬೆಂಗಳೂರಿನಲ್ಲಿ. ಅದಾದ ಮೂರು ತಿಂಗಳಿಗೆ ಪಾರ್ವತಿಗೆ ಮುಟ್ಟು ನಿಂತಿತು. ಅಂಥ ಭಯ ನಾನು ಆಸ್ಪತ್ರೆಯ ಮಂಚದ ಮೇಲೂ ಪಟ್ಟಿರಲಿಲ್ಲ. ಅವಳು ಕೊಡ ಎತ್ತಿದರೆ ಭಯ, ಮೆಟ್ಟಿಲಿಳಿದರೆ ಭಯ. ಅಮ್ಮ ಯಾರಿಗೂ ಹೇಳಲಿಲ್ಲ, ಹರಕೆಯ ಮಾತನ್ನೂ ಆಡಲಿಲ್ಲ. ಹತ್ತನೇ ವಾರದಲ್ಲಿ ಒಂದು ಬೆಳಿಗ್ಗೆ ಪಾರ್ವತಿ ಬಚ್ಚಲಿನಿಂದ ನನ್ನನ್ನು ಕರೆದಳು. ಬಾಗಿಲ ಹತ್ತಿರ ಹೋಗುವ ಮೊದಲೇ ಅವಳ ದನಿಯಲ್ಲಿ ನನಗೆ ಗೊತ್ತಾಯಿತು. ಜೀಪಿನಲ್ಲಿ ಹಿಂದೂಪುರಕ್ಕೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಈ ಸಲ ಬಾಗಿಲ ಹೊರಗೆ ಕೂರಲಿಲ್ಲ. ಡಾಕ್ಟರಮ್ಮನನ್ನು ಕೇಳಿ ಒಳಗೆ ಹೋಗಿ ಅವಳ ತಲೆಯ ಹತ್ತಿರ ನಿಂತೆ.

ಇದು ನನ್ನ ಕಾಯಿಲೆಯಿಂದಲೇ ಆಯಿತಾ ಎಂದು ಕೇಳಿದೆ. ಯಾವ ಕಾಯಿಲೆ ಇಲ್ಲದವರಿಗೂ ಆಗುತ್ತದೆ ಎಂದರು. ನಂಬಲು ನನಗೆ ವರ್ಷಗಳು ಬೇಕಾದವು.

ಆಮೇಲೆ ಇನ್ನೊಂದು ವರ್ಷ ಪ್ರಯತ್ನಪಟ್ಟೆವು. ಆಗಲಿಲ್ಲ. ಒಂದು ದಿನ ಸಿರಿಂಜು ಕುದಿಸುತ್ತಿದ್ದ ಪಾರ್ವತಿ ಒಲೆ ಆರಿಸಿದಳು. "ಸಾಕು. ನಂಗೆ ಮಗು ಬೇಕಾಗಿತ್ತು. ಬೇಕಾಗಿರಲಿಲ್ಲ ಅಂತ ನಿಮ್ಮ ಸಮಾಧಾನಕ್ಕೆ ಸುಳ್ಳು ಹೇಳಲ್ಲ. ಆದ್ರೆ ತಿಂಗಳು ತಿಂಗಳು ಕಾಯಾಕೆ ಇನ್ನು ನನ್ ಕೈಲಾಗಲ್ಲ" ಎಂದಳು. ಅವಳ ಅಣ್ಣ ಬಂದು, ಬೇಕಾದರೆ ತವರಿಗೆ ಬಾ, ಬೇರೆ ಯೋಚನೆ ಮಾಡೋಣ ಎಂದು ಅವಳನ್ನು ಕರೆದದ್ದು ನನಗೆ ಗೊತ್ತಿತ್ತು. ಹೋಗುತ್ತೀಯಾ ಎಂದು ಕೇಳುವ ಧೈರ್ಯ ಬರಲು ನನಗೆ ಎಂಟು ದಿನ ಬೇಕಾಯಿತು. "ಹೋಗಂಗಿದ್ರೆ ಪೆನುಕೊಂಡದಿಂದಲೇ ಹೋಯ್ತಿದ್ದೆ" ಎಂದಳು.

ಈಗ ನನ್ನದು ಬೇರೆ ಇಂಜೆಕ್ಷನ್, ಮಗುವಿಗಲ್ಲ, ಮೈಯ ಶಕ್ತಿಗೆ, ಮೂರು ವಾರಕ್ಕೊಂದು, ಬದುಕಿರುವವರೆಗೂ. ಅಂಗಡಿಯ ಅರ್ಧ ಭಾಗದಲ್ಲಿ ಪಾರ್ವತಿ ಬ್ಲೌಸು ಹೊಲಿಯುತ್ತಾಳೆ. ಮೊನ್ನೆ ಒಬ್ಬಳು ಹೆಂಗಸು ಬ್ಲೌಸಿನ ಬಟ್ಟೆ ತಂದಿದ್ದಳು. ಅಳತೆ ಕೊಟ್ಟ ಮೇಲೂ ಹೋಗದೆ ನಿಂತಳು. ಪಾರ್ವತಿಯ ಕಿವಿಯಲ್ಲಿ ಏನೋ ಹೇಳಿದಳು. ಪಾರ್ವತಿ ನನ್ನ ಹತ್ತಿರ ಬಂದು, "ಆಚೆ ಅವಳ ಯಜಮಾನ್ರು ನಿಂತವ್ರೆ. ಹೋದ ವರ್ಷ ಮೆದುಳು ಜ್ವರ ಬಂದಿತ್ತಂತೆ. ಒಳಕ್ಕೆ ಬರಾಕೆ ನಾಚ್ಕೆ" ಎಂದಳು.

ಹೊರಗೆ ಹೋದೆ. ಲಾರಿ ಓಡಿಸುವವನಂತೆ, ಮೂವತ್ತು ದಾಟಿರಲಿಕ್ಕಿಲ್ಲ. ಮೈ ತುಂಬ ಬಟ್ಟೆ ಹೊದ್ದಿದ್ದ. ನನ್ನನ್ನು ನೋಡಿ, ಹೋಗಬೇಕು, ಹೊತ್ತಾಯಿತು ಎಂದ. ಹೋಗಲಿಲ್ಲ.

ಒಳಗೆ ಕರೆದು ಸ್ಟೂಲು ಕೊಟ್ಟೆ. ಮಿಷನ್ ನಿಲ್ಲಿಸಿ ಎದುರಿಗೆ ಕೂತೆ. ನನಗಾದದ್ದನ್ನು ಮೊದಲಿಂದ ಹೇಳಿದೆ, ಹಿಂದೂಪುರದ ಬೆಂಚಿನ ಮೇಲೆ ಹೇಳಿದ ಸುಳ್ಳನ್ನೂ ಬಿಡದೆ. ಅವನು ನೆಲ ನೋಡುತ್ತ ಕೇಳಿದ. ಮುಗಿದ ಮೇಲೆ ತಲೆಯೆತ್ತಿ ಅಂದ:

"ಅಣ್ಣಾ, ಆ ಆಸ್ಪತ್ರೇಲಿ ಭಯ ಆಗಲ್ವಾ?"

"ಆಯ್ತದೆ ಕಣಪ್ಪ" ಎಂದೆ. "ಗುರುವಾರ ಡಾಕ್ಟರು ಇರ್ತಾರೆ. ನಿನ್ ಜೊತೆ ನಾನೂ ಬತ್ತೀನಿ."